ಬಣ್ಣ ಹಿಡಿಯುವ ಹೊತ್ತು

ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದುದು ಮದುಮಗ ಎಂದು. ಮದುವೆಯಾಗಿ ಮೂವತ್ತೈದು ವರ್ಷವಾಗಿ, ಮಗಳಿಗೂ ಮದುವೆಯಾಗಿ, ಮೊಮ್ಮಗಳು ಹಾಲುಹಲ್ಲು ಬೀಳಿಸಿಕೊಂಡು ಓಡಾಡುತ್ತಿದ್ದರೂ ಆ ಹೆಸರು ಅವನನ್ನು ಬಿಟ್ಟಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನದೊಂದು ಕ್ಷೌರದಂಗಡಿ. ಎರಡು ಕುರ್ಚಿ, ಮೂಲೆಯಲ್ಲಿ ಸೀಳುಬಿಟ್ಟ ಒಂದು ಉದ್ದನೆಯ ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಬೆಳಗ್ಗೆ ಶಟರ್ ಮೇಲೆತ್ತುವಾಗ ಅವನನ್ನು ನೋಡಬೇಕಿತ್ತು. ಇಸ್ತ್ರಿಯ ಗೆರೆ ಮುರಿಯದ ಬಿಳಿ ಅಂಗಿ, ತೀಡಿದ ಮೀಸೆ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕಪ್ಪು ಕೂದಲು. ಹುಡುಕಿದರೂ ಒಂದು ಬಿಳಿ ಎಳೆ ಸಿಗುತ್ತಿರಲಿಲ್ಲ.

"ಏನಪ್ಪಾ ಮದುಮಗ, ಹೆಣ್ಣು ನೋಡೋಕೆ ಹೊರಟಿದ್ದೀಯಾ?" ಎಂದು ಎದುರಿನ ಸೈಕಲ್ ಅಂಗಡಿಯವನು ದಿನಾ ಕೂಗುತ್ತಿದ್ದ.

"ನೋಡಿ ಆಗಿದೆ ಕಣಯ್ಯಾ! ಇನ್ನು ರಾತ್ರಿ ತಡವಾಗಿ ಹೋದ್ರೆ ಅವಳೇ ನನ್ನ ನೋಡ್ಕೋತಾಳೆ!"

ಎರಡನೆಯ ಕುರ್ಚಿಯ ಹಿಂದೆ ನಿಂತು ಕೆಲಸ ಮಾಡುತ್ತಿದ್ದ ಜೊತೆಗಾರನಿಗೆ ಬೀದಿ ಇಟ್ಟ ಹೆಸರೇ ಎರಡನೇ ಕುರ್ಚಿ. ಅವನು ತಲೆ ಪೂರ್ತಿ ಬೋಳಾಗಿ, ಹೊಟ್ಟೆ ಬಂದು, ನೋಡಿದವರಿಗೆ ಮದುಮಗನ ಹಿರಿಯಣ್ಣನಂತೆ ಕಾಣುತ್ತಿದ್ದ. ಆದರೆ ಮೊದಲಿನಿಂದಲೂ ಮದುಮಗನನ್ನು ಅವನೇ "ಅಣ್ಣ" ಎನ್ನುತ್ತಿದ್ದ. ಗಿರಾಕಿಗಳು ಅದನ್ನು ಕೇಳಿ ನಗುತ್ತಿದ್ದರು. ಇಬ್ಬರೂ ಅದಕ್ಕೆ ಏನೂ ಹೇಳುತ್ತಿರಲಿಲ್ಲ.

ಆ ಕಪ್ಪಿನ ಗುಟ್ಟು ತಿಳಿದಿದ್ದವಳು ಹೆಂಡತಿಯೊಬ್ಬಳೇ. ಅಥವಾ ತನಗೊಬ್ಬಳಿಗೇ ತಿಳಿದಿದೆ ಎಂದು ಅವಳು ಅಂದುಕೊಂಡಿದ್ದಳು. ಅವನು ಅವಳನ್ನು "ಇವಳೇ" ಎನ್ನುತ್ತಿದ್ದ, ಅವಳು ಅವನನ್ನು "ರೀ" ಎನ್ನುತ್ತಿದ್ದಳು. ಆ ಮನೆಯಲ್ಲಿ ಹೆಸರುಗಳಿಗೆ ಖರ್ಚೇ ಇರಲಿಲ್ಲ.

ಅವನು ಅವಳ ಬಾಳಿಗೆ ಬಂದದ್ದು ಅವಳ ಅಪ್ಪನ ಗಡ್ಡದ ದಾರಿಯಿಂದ. ಅಪ್ಪ ಬಲಗೈ, ಬಲಗಾಲು ಬಿದ್ದುಹೋಗಿ ಹಾಸಿಗೆ ಹಿಡಿದಿದ್ದರು. ವಾರಕ್ಕೊಮ್ಮೆ ಪೆಟ್ಟಿಗೆ ಹಿಡಿದುಕೊಂಡು ಮನೆಗೆ ಬಂದು ಗಡ್ಡ ತೆಗೆಯುತ್ತಿದ್ದ ಕ್ಷೌರಿಕ ಇವನು. ಬಿಸಿನೀರಿನ ಬಟ್ಟಲು ತಂದಿಡುವುದು ಅವಳ ಕೆಲಸ. ಬರಬರುತ್ತಾ ನೀರು ಬೇಕಿದ್ದಕ್ಕಿಂತ ಬೇಗ ಆರತೊಡಗಿತು, ಅವಳು ಎರಡೆರಡು ಸಲ ಬರಬೇಕಾಯಿತು. ಅಪ್ಪನಿಗೆ ಕೈಕಾಲು ಬಿದ್ದಿದ್ದರೂ ಕಣ್ಣು ಬಿದ್ದಿರಲಿಲ್ಲ. ಒಂದು ದಿನ ನೊರೆಯೊಳಗಿನಿಂದಲೇ ಕೇಳಿದರು, "ನಿನಗೆ ವಯಸ್ಸೆಷ್ಟಯ್ಯಾ?"

"ಮೂವತ್ತು" ಎಂದ.

ಅವಳಿಗೆ ಆಗ ಇಪ್ಪತ್ನಾಲ್ಕು. ಲೆಕ್ಕ ಸರಿಹೋಯಿತು. "ಗಂಟಲ ಮೇಲೆ ಕತ್ತಿ ಇಟ್ಕೊಂಡು ಹೇಳಿದ್ರೆ ಯಾರು ತಾನೆ ನಂಬಲ್ಲ?" ಎಂದು ಅವಳು ಆಮೇಲೆ ವರ್ಷಗಟ್ಟಲೆ ಅವನ ಕಾಲೆಳೆದಳು.

ಮದುವೆಯಾದ ಮೊದಲ ವರ್ಷವೇ ಅವನು ವಿಷಮಶೀತ ಜ್ವರದಲ್ಲಿ ಮಲಗಿದ. ಎದ್ದು ಕೂರಲಾಗದೆ ವಾರಗಳು ಕಳೆದವು. ಒದ್ದೆಬಟ್ಟೆಯಿಂದ ಹಣೆ ಒರೆಸುತ್ತಿದ್ದಾಗ ಅವಳು ನೋಡಿದಳು. ಕೂದಲ ಬುಡದಲ್ಲಿ, ಎರಡೂ ಕಿವಿಗಳ ಮೇಲೆ, ಬೆಳ್ಳಗೆ ಒಂದು ಗೆರೆ. ಮರುವಾರ ಆ ಗೆರೆ ಇನ್ನಷ್ಟು ಅಗಲವಾಗಿತ್ತು. ಅವಳು ಏನೂ ಕೇಳಲಿಲ್ಲ. ಕೇಳದೆ ಇದ್ದುದನ್ನು ತಾಳಲಾರದೆ ಅವನೇ ಗೋಡೆಯ ಕಡೆ ಹೊರಳಿ ಹೇಳಿದ, "ನಲವತ್ತೊಂದು."

ಅವನ ತಂದೆ ಹೋದ ಮೇಲೆ ತಂಗಿಯರನ್ನು ದಡ ಸೇರಿಸುವಷ್ಟರಲ್ಲಿ ಅವನ ಯೌವನ ಬೇರೆಯವರ ತಲೆಗಳ ಮೇಲೆ ಕಳೆದುಹೋಗಿತ್ತು. ಮರುದಿನ ಅವಳು ಅವನ ಪೆಟ್ಟಿಗೆಯಿಂದ ಬಟ್ಟಲು, ಕುಂಚ, ಬಣ್ಣದ ಪುಡಿ ತೆಗೆದುಕೊಂಡು ಬಂದು ಹಾಸಿಗೆಯ ಪಕ್ಕ ಕೂತು ಕೇಳಿದಳು, "ಇದನ್ನ ಹೆಂಗೆ ಕಲಸೋದು, ಹೇಳಿ."

ಅಂದಿನಿಂದ ಅದು ಅವರಿಬ್ಬರ ಕೆಲಸವಾಯಿತು. ಅಂಗಡಿಗೆ ರಜೆಯಿರುವ ದಿನ, ತಿಂಗಳಿಗೊಮ್ಮೆ, ಹಿತ್ತಲಿನ ಬಾಗಿಲಲ್ಲಿ ಅವನು ಮಣೆಯ ಮೇಲೆ ಕೂರುತ್ತಿದ್ದ. ಹೆಗಲಿಗೆ ಹಳೆಯ ಟವೆಲ್. ಅವಳು ಎಡಗಿವಿಯ ಮೇಲಿಂದ ಶುರು ಮಾಡುತ್ತಿದ್ದಳು. ಆ ಕಡೆ ಮುಗಿದದ್ದೇ ತಡ, ಅವಳು ಬಾಯಿಬಿಟ್ಟು ಹೇಳುವ ಮೊದಲೇ ಅವನು ತಲೆ ವಾಲಿಸಿ ಬಲಗಿವಿ ಕೊಡುತ್ತಿದ್ದ.

"ಕೂದಲಿಗೆ ಜೀವ ಇಲ್ಲ ಕಣೇ, ಅಂಜಬೇಡ, ಒತ್ತಿ ಹಚ್ಚು."

"ನಿಮ್ಮ ನಾಲಿಗೆಗೆ ಹಚ್ಚಬೇಕು ಇದನ್ನ. ಸ್ವಲ್ಪ ಸುಮ್ಮನಿರುತ್ತೆ."

ಹಚ್ಚಿದ ಮೇಲೆ ಬಣ್ಣ ಹಿಡಿಯಲು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಅವನು ಅಲುಗಾಡುವಂತಿರಲಿಲ್ಲ, ಯಾರು ಬಾಗಿಲು ತಟ್ಟಿದರೂ ತೆಗೆಯುವಂತಿರಲಿಲ್ಲ. ಬೆಳಗಿಂದ ರಾತ್ರಿಯವರೆಗೆ ನಿಂತೇ ಇರುವ ಗಂಡ ಅವಳ ಪಕ್ಕ ಸುಮ್ಮನೆ ಕೂರುತ್ತಿದ್ದುದು ಆ ಅರ್ಧ ಗಂಟೆ ಮಾತ್ರ. ಮಗಳಿಗೆ ಹೆಸರು ಹುಡುಕಿದ್ದು, ಈ ಮನೆ ಹಿಡಿದದ್ದು, ಅತ್ತದ್ದು, ನಕ್ಕದ್ದು ಎಲ್ಲ ಆಗಲೇ. ಮಗಳು ಹುಟ್ಟಿ ಬೆಳೆದರೂ ಅವಳಿಗೆ ತಿಳಿದದ್ದು ಇಷ್ಟೇ: ಅಪ್ಪನಿಗೆ ಅಲ್ಲೊಂದು ಇಲ್ಲೊಂದು ಬಿಳಿಕೂದಲು, ಅಮ್ಮ ಅದನ್ನು ಮುಚ್ಚುತ್ತಾಳೆ. ಅಪ್ಪನ ವಯಸ್ಸು ಮನೆಯಲ್ಲೂ ಹೊರಗೂ ಹನ್ನೊಂದು ವರ್ಷ ಹಿಂದೆಯೇ ನಡೆದುಕೊಂಡು ಬಂತು.

ಕೆಮ್ಮು ಶುರುವಾದಾಗ ಅವನು ತಪ್ಪನ್ನು ಅಂಗಡಿಯ ಕೂದಲ ಧೂಳಿನ ಮೇಲೆ ಹಾಕಿದ. ಜ್ವರ ಬಂದಾಗ ಹವಾಮಾನದ ಮೇಲೆ ಹಾಕಿದ. ಗಿರಾಕಿಯೊಬ್ಬನ ಅರ್ಧ ಗಡ್ಡ ತೆಗೆದು ಅವನು ಕುರ್ಚಿಯ ಬೆನ್ನು ಹಿಡಿದು ಏದುಸಿರು ಬಿಡುತ್ತಾ ನಿಂತಾಗ ಎರಡನೇ ಕುರ್ಚಿ ಕತ್ತಿ ಕಸಿದುಕೊಂಡ. ಉಳಿದರ್ಧ ಗಡ್ಡವನ್ನು ತಾನೇ ತೆಗೆದು, ಆಟೋ ಹಿಡಿದು ಅಣ್ಣನನ್ನು ದೊಡ್ಡಾಸ್ಪತ್ರೆಗೆ ಕರೆತಂದ. ಅರ್ಧ ಗಡ್ಡದ ಗಿರಾಕಿಯನ್ನು ಹಾಗೇ ಕಳಿಸಿದ್ದರೆ ಅಣ್ಣ ತನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ ಎಂದು ಆಮೇಲೆ ಅವಳ ಬಳಿ ಹೇಳಿಕೊಂಡ.

ಅವಳು, ಮಗಳು ಓಡಿ ಬರುವಷ್ಟರಲ್ಲಿ ಮುಖಕ್ಕೆ ಆಮ್ಲಜನಕದ ಮುಖವಾಡ ಕಟ್ಟಿದ್ದರು. ಅವನ ತುಟಿ ನೇರಳೆಯಾಗಿತ್ತು. ಕನ್ನಡಕ ಹಾಕಿದ ಡಾಕ್ಟರಮ್ಮ ಕೇಳಿದರು, "ವಯಸ್ಸು?"

"ಅರವತ್ತೈದು" ಎಂದಳು ಮಗಳು ತಟ್ಟನೆ.

ಹೆಂಡತಿಯ ಬಾಯಿ ತೆರೆದು ಹಾಗೇ ಮುಚ್ಚಿಕೊಂಡಿತು. ಮುಖವಾಡದ ಮೇಲಿಂದ ಅವನು ಅವಳನ್ನೇ ನೋಡುತ್ತಿದ್ದ. ಆ ಸಂಕಟದಲ್ಲೂ ಅವನ ಕಣ್ಣಲ್ಲಿ ಒಂದು ಬೇಡಿಕೆ ಇತ್ತೆಂದು ಅವಳಿಗನಿಸಿತು. ಸಂಜೆಯ ಹೊತ್ತಿಗೆ ಅವನಿಗೆ ನಿದ್ದೆ ಬರಿಸಿ, ಬಾಯಿಂದ ಕೊಳವೆ ಇಳಿಸಿ, ವೆಂಟಿಲೇಟರಿಗೆ ಹಾಕಿದರು.

"ಎರಡೂ ಕಡೆ ನ್ಯುಮೋನಿಯಾ, ತುಂಬಾ ಜೋರಾಗಿದೆ" ಎಂದರು ಡಾಕ್ಟರಮ್ಮ. "ಈ ಮಷೀನು ಕಾಯಿಲೆ ವಾಸಿ ಮಾಡಲ್ಲ. ವಾಸಿಯಾಗೋವರೆಗೆ ಉಸಿರು ಎಳೆದುಕೊಡುತ್ತೆ, ಅಷ್ಟೇ. ವಾಸಿ ಆಗಬೇಕಾದ್ದು ಅವರ ಶ್ವಾಸಕೋಶವೇ."

ಮಗಳು ವಿಮಾ ಕಚೇರಿಯಲ್ಲಿ ಕೆಲಸ ಮಾಡುವವಳು. ಜನರ ಆಯುಸ್ಸನ್ನು ದಿನವಿಡೀ ವಯಸ್ಸಿನ ಪ್ರಕಾರ ವಿಂಗಡಿಸಿ ರೂಢಿ. ಅವಳು ಬಿಡಲಿಲ್ಲ. "ಇಂಥವರಲ್ಲಿ ಎಷ್ಟು ಜನ ಉಳೀತಾರೆ ಡಾಕ್ಟರ್?"

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು. "ಒಬ್ಬೊಬ್ಬರದು ಒಂದೊಂದು ಥರ. ಆದರೆ ವಯಸ್ಸು ದೊಡ್ಡ ಮಾತು. ನಮ್ಮಲ್ಲಿ ನಾನು ನೋಡಿರೋ ಹಾಗೆ, ನಿಮ್ಮ ತಂದೆ ವಯಸ್ಸಿನವರಲ್ಲಿ ಅರ್ಧದಷ್ಟು ಜನ ಮನೆಗೆ ಹೋಗ್ತಾರೆ. ಎಪ್ಪತ್ತೈದು ದಾಟಿದವರಾದರೆ…" ಎಂದು ನಿಲ್ಲಿಸಿ, ತಲೆ ಅಲ್ಲಾಡಿಸಿದರು. "ತುಂಬಾ ಕಮ್ಮಿ."

"ಅಪ್ಪನಿಗೆ ಬರೀ ಅರವತ್ತೈದು ಅಮ್ಮ" ಎಂದು ಮಗಳು ಹೊರಗೆ ಬಂದು ಅವಳ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು. "ಅರ್ಧಕ್ಕರ್ಧ! ಗೊತ್ತಾ, ನಮ್ಮ ಆಫೀಸಲ್ಲಿ ಇದು ಬಹಳ ಒಳ್ಳೆ ಲೆಕ್ಕ."

ಅವಳು ತಲೆಯಾಡಿಸಿದಳು. ಎಪ್ಪತ್ತಾರು ಎಂಬುದು ಅವಳ ಗಂಟಲಲ್ಲಿ ಬೇಯದ ಕಾಳಿನಂತೆ ಸಿಕ್ಕಿಕೊಂಡಿತ್ತು.

ಐಸಿಯು ಮುಂದಿನ ಹಜಾರದಲ್ಲಿ ಸಾಲು ಕುರ್ಚಿ. ಅಲ್ಲಿ ಕೂತವರಿಗೆಲ್ಲ ಒಬ್ಬರಿಗೊಬ್ಬರ ಚಪ್ಪಲಿಯ ಗುರುತು ಸಿಕ್ಕಿಬಿಟ್ಟಿತ್ತು. ಅವಳ ಪಕ್ಕ ಕೂರುತ್ತಿದ್ದವಳು ಹಸಿರು ಶಾಲಿನವಳು. ಲಾರಿ ಓಡಿಸುವ ಅವಳ ಮಗನಿಗೂ ಇದೇ ಕಾಯಿಲೆ. ಮದುಮಗನ ಪಕ್ಕದ ಮಂಚದಲ್ಲೇ, ಅಂಥದೇ ಮಷೀನಿನಲ್ಲಿದ್ದ. ಮೂವತ್ತೂ ತುಂಬಿರಲಿಲ್ಲ. ಇಬ್ಬರು ಹೆಂಗಸರೂ ಒಂದೇ ಫ್ಲಾಸ್ಕಿನ ಕಾಫಿ ಹಂಚಿಕೊಳ್ಳುತ್ತಿದ್ದರು.

ಆ ಸಾಲಿನ ತುದಿಯಲ್ಲಿ ಎಲ್ಲವೂ ತಿಳಿದ ಒಬ್ಬ ಮನುಷ್ಯ ಕೂರುತ್ತಿದ್ದ. ಎಲ್ಲ ಆಸ್ಪತ್ರೆಯ ಹಜಾರದಲ್ಲೂ ಅಂಥವನೊಬ್ಬ ಇರುತ್ತಾನೆ. ಅವನು ಪತ್ರಿಕೆ ಮಡಚುತ್ತಾ ಹೇಳಿದ, "ಮಷೀನು ಇರೋದೇ ನಾಲ್ಕು. ಮುದುಕರು ಅಂತ ಗೊತ್ತಾದ್ರೆ ಮೆಲ್ಲಗೆ ತೆಗೆದು ಹುಡುಗರಿಗೆ ಹಾಕಿಬಿಡ್ತಾರೆ. ಹೇಳಲ್ಲ ಅಷ್ಟೇ. ನಮ್ಮ ಭಾವನಿಗೆ ಹಂಗೇ ಮಾಡಿದ್ದು."

"ನಿಮ್ಮ ಭಾವ ಮೆಟ್ಟಿಲಿಂದ ಬಿದ್ದು ಹೋದರು ಅಂತ ನಿನ್ನೆ ಹೇಳಿದ್ರಿ" ಎಂದಳು ಹಸಿರು ಶಾಲಿನವಳು.

"ಅವರು ದೊಡ್ಡ ಭಾವ."

ಬೇರೆಯವರು ನಕ್ಕರು. ಅವಳಿಗೆ ನಗು ಬರಲಿಲ್ಲ.

ಒಳಗೆ ಬಿಡುತ್ತಿದ್ದುದು ದಿನಕ್ಕೊಮ್ಮೆ, ಸಂಜೆ, ಒಬ್ಬರನ್ನು ಮಾತ್ರ. ಗೌನು ತೊಟ್ಟು ಅವಳು ಅವನ ಮಂಚದ ಬಳಿ ನಿಲ್ಲುತ್ತಿದ್ದಳು. ಕೊಳವೆಯನ್ನು ಬಾಯಿಯ ಮೂಲೆಯಲ್ಲಿ ಅಂಟುಪಟ್ಟಿಯಿಂದ ಅಂಟಿಸಿದ್ದರು. ಕಿತ್ತುಕೊಳ್ಳದಿರಲೆಂದು ಎರಡೂ ಕೈಗಳನ್ನು ಮೆತ್ತನೆಯ ಬಟ್ಟೆಯಲ್ಲಿ ಮಂಚದ ಕಂಬಿಗೆ ಕಟ್ಟಿದ್ದರು. ಯಂತ್ರ ಉಸಿರು ನೂಕುತ್ತಿತ್ತು, ಎದೆ ಏರುತ್ತಿತ್ತು. ಯಂತ್ರ ಬಿಡುತ್ತಿತ್ತು, ಎದೆ ಇಳಿಯುತ್ತಿತ್ತು. ಅವನ ಉಸಿರಾಟವನ್ನು ಕತ್ತಲಲ್ಲೂ ಗುರುತು ಹಿಡಿಯುತ್ತಿದ್ದ ಅವಳಿಗೆ ಇದು ಬೇರೆ ಯಾರದೋ ಉಸಿರಿನಂತೆ ಕೇಳುತ್ತಿತ್ತು.

ಒಂದು ಸಂಜೆ ಅವಳು ನೋಡಿದಳು. ಎರಡೂ ಕಿವಿಗಳ ಮೇಲೆ ಬೆಳ್ಳನೆಯ ಗೆರೆ. ಕೆನ್ನೆಯ ಮೇಲೆ ಮೊಳೆತ ಗಡ್ಡವಂತೂ ಉಪ್ಪು ಚೆಲ್ಲಿದ ಹಾಗೆ. ಬಣ್ಣ ಹಚ್ಚುವ ದಿನ ಜ್ವರದಲ್ಲೇ ದಾಟಿಹೋಗಿತ್ತು. ದಿನದಿಂದ ದಿನಕ್ಕೆ, ಯಾರೂ ತಡೆಯಲಾಗದಂತೆ, ಅವನ ನಿಜವಾದ ವಯಸ್ಸು ಚರ್ಮದೊಳಗಿಂದ ಎದ್ದು ಬರುತ್ತಿತ್ತು. ಡಾಕ್ಟರಮ್ಮ ದಿನಾ ಬೆಳಗ್ಗೆ ಇದೇ ತಲೆಯ ಮೇಲೆ ಬಾಗಿ ನೋಡುತ್ತಾರೆ.

ಮರುದಿನ ಅವಳು ಆಸ್ಪತ್ರೆಯ ಎದುರಿನ ಫ್ಯಾನ್ಸಿ ಅಂಗಡಿಗೆ ಹೋದಳು. "ಹುಬ್ಬಿಗೆ ಹಚ್ಚೋ ಪೆನ್ಸಿಲ್ ಕೊಡಪ್ಪ, ಕಪ್ಪು."

"ಯಾರಿಗಮ್ಮ? ಮಗಳಿಗಾ?"

"ಮದುಮಗನಿಗೆ" ಎಂದಳು. ಅಂಗಡಿಯವನು ಹಲ್ಲುಬಿಟ್ಟ.

ಸಂಜೆ, ಸಿಸ್ಟರ್ ಆ ಕಡೆ ತಿರುಗಿದ್ದಾಗ, ಅವಳು ಗೌನಿನ ತೋಳಿನಿಂದ ಪೆನ್ಸಿಲ್ ತೆಗೆದು ಎಡಗಿವಿಯ ಮೇಲಿನ ಬುಡಗಳನ್ನು ಒಂದೊಂದಾಗಿ ಕಪ್ಪು ಮಾಡಿದಳು. ಮಗುವಿಗೆ ಕಾಡಿಗೆ ಹಚ್ಚುವಷ್ಟು ಮೆಲ್ಲಗೆ. "ಒತ್ತಿ ಹಚ್ಚು ಅಂತಿದ್ರಲ್ಲ. ಈಗ ಒತ್ತೋ ಹಾಗಿಲ್ಲ" ಎಂದು ಪಿಸುಗುಟ್ಟಿದಳು. ಎಡಗಡೆ ಮುಗಿಯಿತು. ಬಲಗಡೆಗೆ ಹೇಗೆ ಹೋಗಲಿ, ಆ ಕಡೆ ಯಂತ್ರವಿದೆಯಲ್ಲ ಎಂದು ಅವಳು ಯೋಚಿಸುತ್ತಿರುವಾಗ ಅವನ ತಲೆ ದಿಂಬಿನ ಮೇಲೆ ಅಲುಗಿತು. ಕೊಳವೆಯನ್ನೂ ಎಳೆದುಕೊಂಡು, ನಿಧಾನವಾಗಿ, ಅವನು ಅವಳಿಗೆ ಬಲಗಿವಿ ಕೊಟ್ಟ.

ಯಂತ್ರ ಕೂಗಿಕೊಂಡಿತು. ಸಿಸ್ಟರ್ ಓಡಿ ಬಂದಳು. ಪೆನ್ಸಿಲ್ ಮತ್ತೆ ತೋಳಿನೊಳಗೆ ಹೋಯಿತು.

"ತಲೆ ತಿರುಗಿಸಿದರು! ನನಗೆ ಗೊತ್ತಾಗೋ ಹಾಗೆ ತಿರುಗಿಸಿದರು!" ಎಂದು ಅವಳು ಹೊರಗೆ ಬಂದು ಮಗಳನ್ನು ತಬ್ಬಿಕೊಂಡಳು. ಏನು ಮಾಡುತ್ತಿದ್ದಾಗ ತಿರುಗಿಸಿದರೆಂದು ಹೇಳಲಿಲ್ಲ. ಮಗಳು ಡಾಕ್ಟರಮ್ಮನ ಹಿಂದೆ ಓಡಿದಳು. ನಿದ್ದೆಯ ಔಷಧಿ ಕಮ್ಮಿ ಮಾಡಿದಾಗ ಕೆಲವರು ಹಾಗೆ ಅಲುಗಾಡುತ್ತಾರೆ, ಅದರಿಂದ ಏನೂ ಹೇಳಲಾಗದು ಎಂದರು ಡಾಕ್ಟರಮ್ಮ. ಅಂದು ಅಮ್ಮ ಮಗಳು ಕ್ಯಾಂಟೀನಿನಲ್ಲಿ ತಟ್ಟೆ ಖಾಲಿಯಾಗುವಂತೆ ಊಟ ಮಾಡಿದರು. ಅವನನ್ನು ಒಳಗೆ ಸೇರಿಸಿದ ಮೇಲೆ ಅದೇ ಮೊದಲು.

ಅವನು ಮತ್ತೆ ತಲೆ ತಿರುಗಿಸಲಿಲ್ಲ. ಅವಳು ಪ್ರತಿ ಸಂಜೆ ಎಡಗಡೆ ಹಚ್ಚಿ ಕಾದಳು. ಜ್ವರ ಇಳಿದಂತೆ ಮಾಡಿ ಏರಿತು. ಮೂತ್ರ ಕಮ್ಮಿಯಾಯಿತು. ಮಂಚದ ಪಕ್ಕಕ್ಕೆ ರಕ್ತ ಶುದ್ಧಿ ಮಾಡುವ ಇನ್ನೊಂದು ಯಂತ್ರ ಬಂತು.

ಆ ವಾರದಲ್ಲೇ ಲಾರಿ ಹುಡುಗನ ಕೊಳವೆ ತೆಗೆದರು. ಹಸಿರು ಶಾಲಿನವಳು ಒಳಗಿಂದ ಬಂದಾಗ ಅವಳ ಮುಖವನ್ನು ನೋಡಲಾಗುತ್ತಿರಲಿಲ್ಲ, ಅಷ್ಟು ಬೆಳಕಿತ್ತು. ಆದರೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದವಳನ್ನು ಕಂಡದ್ದೇ ಆ ಬೆಳಕನ್ನು ಶಾಲಿನ ತುದಿಯಲ್ಲಿ ಮುಚ್ಚಿಕೊಂಡಳು.

"ಏನಂದ?"

"ನೀರು ಕೇಳಿದ" ಎಂದಳು ಆಕೆ, ತಪ್ಪು ಮಾಡಿದವಳ ಹಾಗೆ. "ಗಂಟಲು ಕಟ್ಟಿದೆ. ಅಷ್ಟೇ ಅಕ್ಕ, ಇನ್ನೇನೂ ಇಲ್ಲ."

"ನಗು ಮಾರಾಯ್ತಿ. ಯಾಕೆ ಹಿಂಗೆ ಅಳೋ ಹಾಗೆ ಹೇಳ್ತೀಯ?" ಎಂದು ಅವಳು ಆಕೆಯ ಬೆನ್ನು ಸವರಿದಳು. ಸವರುತ್ತಾ ಸವರುತ್ತಾ ತನ್ನೊಳಗೆ ಎದ್ದ ಮಾತನ್ನು ಕಂಡು ತಾನೇ ನಡುಗಿದಳು. ಈ ಹುಡುಗನ ವಯಸ್ಸಿನಿಂದ ಹನ್ನೊಂದೇ ಹನ್ನೊಂದು ವರ್ಷ ಕಡ ಸಿಕ್ಕಿದ್ದರೆ!

ಮರುದಿನ ಸಂಜೆ ಸಿಸ್ಟರ್ ಅವಳನ್ನು ತಡೆದಳು. ಕೈಯಲ್ಲಿ ಒಂದು ದಿಂಬಿನ ಚೀಲ. ಅದರ ಮೇಲೆ ಕಪ್ಪು ಕಲೆಗಳು.

"ಅಮ್ಮಾ, ದಿನಾ ಮೈ ಒರೆಸುವಾಗ ಇದು ಬರ್ತಿದೆ. ಮೊದಲು ಏನೋ ಕಾಯಿಲೆ ಅಂತ ಹೆದರಿದೆ." ಸಿಸ್ಟರ್ ನಗಬೇಕೋ ಬೈಯಬೇಕೋ ತಿಳಿಯದೆ ಧ್ವನಿ ತಗ್ಗಿಸಿದಳು. "ನೀವೇ ಅಲ್ವಾ? ಅಲ್ಲಿ ಹಂಗೆಲ್ಲಾ ಮುಟ್ಟಬಾರದು. ಕೊಳವೆ ಜಾರಿದ್ರೆ ಏನು ಗತಿ? ಡಾಕ್ಟರ್ ನಿಮ್ಮನ್ನ ಕರೀತಿದ್ದಾರೆ. ಇದಕ್ಕಲ್ಲ, ಬೇರೆ ಮಾತಿದೆ. ಆದರೆ ಇದನ್ನೂ ಹೇಳಿಬಿಡಿ."

ಡಾಕ್ಟರಮ್ಮನ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಮೇಜು, ಮೇಜಿನ ಮೇಲೆ ಆರಿದ ಚಹಾ. ಮಗಳು ಇನ್ನೂ ಕಚೇರಿಯಿಂದ ಬಂದಿರಲಿಲ್ಲ.

"ಇಷ್ಟು ದಿನ ಬಾಯಲ್ಲಿ ಕೊಳವೆ ಇಟ್ಟಿದ್ದೀವಿ. ಇನ್ನೂ ಇಡೋ ಹಾಗಿಲ್ಲ" ಎಂದರು ಡಾಕ್ಟರಮ್ಮ. "ಮುಂದೆ ಹೋಗಬೇಕಾದ್ರೆ ಗಂಟಲಿಗೆ ತೂತು ಮಾಡಿ ಅಲ್ಲಿಂದ ಕೊಳವೆ ಹಾಕಬೇಕು. ಮಾಡಬಹುದು. ಅದರಿಂದ ಅವರು ಎದ್ದು ಬರ್ತಾರಾ ಅನ್ನೋದೇ ಪ್ರಶ್ನೆ. ನಿಮ್ಮ ಮಗಳು ಅಪ್ಪನಿಗೆ ಬರೀ ಅರವತ್ತೈದು, ಎಲ್ಲಾ ಮಾಡಿ ಅಂತಿದ್ದಾರೆ."

"ಎಪ್ಪತ್ತಾರು" ಎಂದಳು ಅವಳು.

ಹೇಳಿದ ಮೇಲೆ ತನ್ನ ಧ್ವನಿಯೇ ತನಗೆ ಪರಕೀಯವಾಗಿ ಕೇಳಿತು. ಮೂವತ್ತೈದು ವರ್ಷದಲ್ಲಿ ಆ ಹನ್ನೊಂದನ್ನು ಅವಳು ಮೊದಲ ಬಾರಿಗೆ ಹೊರಗೆ ಬಿಟ್ಟಿದ್ದಳು. ಪೆನ್ಸಿಲನ್ನು ತೋಳಿನಿಂದ ತೆಗೆದು ಮೇಜಿನ ಮೇಲಿಟ್ಟಳು. ಅದು ತುಂಡು ಬೆರಳಿನಷ್ಟಾಗಿತ್ತು. "ಮುದುಕರು ಅಂತ ಗೊತ್ತಾದ್ರೆ ಮಷೀನು ತೆಗೆದು ಹುಡುಗರಿಗೆ ಹಾಕ್ತಾರೆ ಅಂದ್ರು. ಅದಕ್ಕೆ ಕಪ್ಪು ಮಾಡ್ತಿದ್ದೆ. ತಪ್ಪಾಯ್ತು."

ಡಾಕ್ಟರಮ್ಮ ಪೆನ್ಸಿಲನ್ನು ಅವಳ ಕಡೆಗೇ ಸರಿಸಿದರು. "ಯಾರೂ ತೆಗೀತಿರಲಿಲ್ಲ ಅಮ್ಮ. ಕೂದಲು ನೋಡಿ ನಾವು ಏನನ್ನೂ ಮಾಡಲ್ಲ. ಅವರ ಎದೆ, ಹೃದಯ, ಮೂತ್ರಪಿಂಡ ಎಲ್ಲ ನೋಡ್ತೀವಲ್ಲ. ಅವುಗಳಿಗೆ ಬಣ್ಣ ಹಚ್ಚಿರಲ್ಲ. ಅರವತ್ತೈದು ಅಲ್ಲ ಅಂತ ನನಗೆ ಮೊದಲ ವಾರವೇ ಅನುಮಾನ ಇತ್ತು."

"ಹಂಗಾದ್ರೆ ಅವತ್ತೇ ನಿಜ ಹೇಳಿದ್ದರೂ…"

"ಇದೇ ಔಷಧಿ, ಇದೇ ಮಷೀನು. ನೀವು ಏನನ್ನೂ ಕೆಡಿಸಿಲ್ಲ."

ಏನನ್ನೂ ಕೆಡಿಸಿಲ್ಲ ಎಂಬ ಮಾತು ಸಮಾಧಾನದಂತೆ ಬಂದು ಇನ್ನೇನೋ ಆಗಿ ಎದೆಗೆ ಇಳಿಯಿತು. ಏನನ್ನೂ ಉಳಿಸಿಯೂ ಇರಲಿಲ್ಲ. ಅವಳು ಬಚ್ಚಿಟ್ಟಿದ್ದರಿಂದ ಬದುಕಿದ್ದುದು ಮಗಳ ಲೆಕ್ಕವೊಂದೇ. ಅದನ್ನು ಇಂದು ಅವಳೇ ಮುರಿಯಬೇಕು.

ಮಗಳು ಬಂದಾಗ ಅವಳು ಹಜಾರದಲ್ಲಿ ಕೂರಲಿಲ್ಲ. ಹೊರಗೆ, ಆಂಬುಲೆನ್ಸ್‌ಗಳು ನಿಲ್ಲುವ ಕಡೆಯ ಮೆಟ್ಟಿಲ ಮೇಲೆ ಕೂರಿಸಿ ಹೇಳಿದಳು. ತನ್ನ ಅಪ್ಪನ ಗಡ್ಡದಿಂದ ಶುರುಮಾಡಿ, ವಿಷಮಶೀತ ಜ್ವರದವರೆಗೆ, ಹಿತ್ತಲಿನ ಮಣೆಯಿಂದ ಹುಬ್ಬಿನ ಪೆನ್ಸಿಲಿನವರೆಗೆ. ಮಗಳು ಮಧ್ಯೆ ಬಾಯಿ ಹಾಕಲಿಲ್ಲ. ಬೆರಳು ಮಡಿಚಿ ಏನೋ ಕೂಡುತ್ತಿದ್ದಳು.

"ನಾನು ಹುಟ್ಟಿದಾಗ ಅಪ್ಪನಿಗೆ ನಲವತ್ಮೂರು?"

"ಹೌದು."

"ನನ್ನನ್ನ ಹೆಗಲ ಮೇಲೆ ಕೂರಿಸಿಕೊಂಡು ಶಾಲೆವರೆಗೆ ಓಡುತ್ತಿದ್ದಾಗ ಐವತ್ತು?"

"ಮನೆಗೆ ಬಂದು ಸೊಂಟ ಹಿಡ್ಕೊಂಡು ಕೂರೋರು. ನಿನಗೆ ಹೇಳಬೇಡ ಅನ್ನೋರು."

ಮಗಳು ನಕ್ಕಳು. ನಗು ಅರ್ಧದಲ್ಲೇ ಒಡೆಯಿತು. "ನಾನು ದಿನಾ ಅರ್ಧಕ್ಕರ್ಧ, ಅರ್ಧಕ್ಕರ್ಧ ಅಂತ ಜಪ ಮಾಡ್ತಿದ್ದೆನಲ್ಲ ಅಮ್ಮ. ನೀನು ಪಕ್ಕದಲ್ಲೇ ಕೂತು ತಲೆ ಆಡಿಸ್ತಿದ್ದೆಯಲ್ಲ. ಹೇಗೆ ಸುಮ್ಮನಿದ್ದೆ?"

"ನೀನು ಹೇಳುವಾಗ ನಿಜ ಅನ್ನಿಸೋದು" ಎಂದಳು ಅವಳು.

ಮಗಳು ಅಮ್ಮನ ತೊಡೆಯ ಮೇಲೆ ಮುಖ ಇಟ್ಟು ಅತ್ತಳು. ಒಂದು ಆಂಬುಲೆನ್ಸ್ ಬಂತು, ಇಬ್ಬರೂ ಎದ್ದು ದಾರಿ ಬಿಟ್ಟು ಮತ್ತೆ ಕೂತರು. ಆಮೇಲೆ ಮಗಳೇ ಕೇಳಿದಳು, "ಗಂಟಲಿಗೆ ತೂತು ಬೇಡ ಅಲ್ವಾ?"

"ಎಷ್ಟು ಜನರ ಗಂಟಲ ಮೇಲೆ ಕತ್ತಿ ಆಡಿಸಿದ ಕೈ ಅದು. ಒಂದು ಗೀರು ಬೀಳಿಸಿದವರಲ್ಲ. ಅವರಿಗೆ ಬೇಡ."

ನೋವಾಗದಂತೆ ನೋಡಿಕೊಳ್ಳುತ್ತೇವೆ ಎಂದರು ಡಾಕ್ಟರಮ್ಮ. ಆ ಮಾತನ್ನು ಅವರು ಉಳಿಸಿಕೊಂಡರು. ಅವಳನ್ನು ಹೊತ್ತಿನ ಲೆಕ್ಕವಿಲ್ಲದೆ ಒಳಗೆ ಕೂರಲು ಬಿಟ್ಟರು, ಅವನ ಕೈಗೆ ಕಟ್ಟಿದ್ದ ಬಟ್ಟೆಯನ್ನೂ ಬಿಚ್ಚಿದರು. ಬಿಚ್ಚಿದ ಕೈ ಎಲ್ಲಿಗೂ ಹೋಗಲಿಲ್ಲ. ಒಂದು ಬೆಳಗ್ಗೆ, ಯಂತ್ರ ಇನ್ನೂ ತನ್ನ ಪಾಡಿಗೆ ಉಸಿರು ನೂಕುತ್ತಿರುವಾಗಲೇ, ಅವನ ಹೃದಯ ನಿಂತಿತು. ಎದೆ ಮಾತ್ರ ಸ್ವಲ್ಪ ಹೊತ್ತು ಏರಿಳಿಯುತ್ತಲೇ ಇತ್ತು. ಸಿಸ್ಟರ್ ಬಂದು ಗುಂಡಿ ಒತ್ತಿದ ಮೇಲೆ ಅದೂ ನಿಂತಿತು.

ಮನೆಗೆ ತಂದಾಗ ಬೀದಿಯವರೆಲ್ಲ ಬಂದರು. ಬಂದವರು ಬಾಗಿಲಲ್ಲೇ ತಡೆದು ನಿಂತರು. ನಡುಮನೆಯಲ್ಲಿ ಮಲಗಿದ್ದವನು ಬಿಳಿಗಡ್ಡದ, ಕೆನ್ನೆ ಒಳಸೇರಿದ, ಯಾರೋ ಮುದುಕ. ಸೈಕಲ್ ಅಂಗಡಿಯವನು ಪಕ್ಕದವನ ಕಿವಿಯಲ್ಲಿ ಕೇಳಿದ, "ಇದು ಯಾರಪ್ಪಾ? ಮದುಮಗ ಎಲ್ಲಿ?"

ಎರಡನೇ ಕುರ್ಚಿ ಪೆಟ್ಟಿಗೆ ಹಿಡಿದುಕೊಂಡು ಬಂದ. ಯಾರೊಡನೆಯೂ ಮಾತಾಡದೆ ನೆಲದ ಮೇಲೆ ಕೂತು, ನೊರೆ ಎಬ್ಬಿಸಿ, ಗಡ್ಡ ತೆಗೆದ. ಮೀಸೆ ತೀಡಿದ. ಅರ್ಧ ಬಿಡದೆ ಪೂರ್ತಿ ಕೆಲಸ ಮಾಡಿದ. ಆಮೇಲೆ ಪೆಟ್ಟಿಗೆಯಿಂದ ಬಟ್ಟಲು ತೆಗೆದು, ಪುಡಿ ಸುರಿದು, ನೀರು ಹಾಕಿ ಕಲಸಿ ಅವಳ ಮುಂದಿಟ್ಟ.

"ನಿನಗೆ ಗೊತ್ತಿತ್ತಾ?" ಎಂದಳು ಅವಳು.

"ಅಷ್ಟು ವರ್ಷ ಒಂದೇ ಕನ್ನಡಿ ಮುಂದೆ ನಿಂತಿದ್ದೀವಲ್ಲ ಅತ್ತಿಗೆ" ಎಂದ. "ಅಣ್ಣ ಅಂತ ಸುಮ್ಮನೆ ಕರೀತಿದ್ನಾ?"

ಅವಳು ಹಳೆಯ ಟವೆಲನ್ನು ತಂದು ಅವನ ಹೆಗಲ ಕೆಳಗೆ ಹಾಸಿದಳು. ಇನ್ನು ಮುಚ್ಚಿಡಬೇಕಾದವರು ಯಾರೂ ಉಳಿದಿರಲಿಲ್ಲ, ಎಲ್ಲರೂ ನೋಡಿಯಾಗಿತ್ತು. ಆದರೂ ಎಡಗಿವಿಯ ಮೇಲಿಂದ ಶುರು ಮಾಡಿದಳು. ಕುಂಚವನ್ನು ಒತ್ತಿ ಒತ್ತಿ ಹಚ್ಚಿದಳು. ಎಡಗಡೆ ಮುಗಿಯಿತು. ಅವಳ ಕೈ ಅಭ್ಯಾಸದಿಂದ ಒಂದು ಕ್ಷಣ ಗಾಳಿಯಲ್ಲೇ ಕಾಯಿತು. ಮಗಳು ನೋಡುತ್ತಿದ್ದಳು. ಕೊನೆಗೆ ಅವಳು ಬಟ್ಟಲು ಕೆಳಗಿಟ್ಟು, ಎರಡೂ ಅಂಗೈಗಳಲ್ಲಿ ಆ ತಣ್ಣನೆಯ ತಲೆಯನ್ನು ಹಿಡಿದು, ತಾನೇ ತಿರುಗಿಸಿಕೊಂಡಳು.

ಹೊರಗೆ ಗಾಡಿಯವನು ಹಾರನ್ ಮಾಡಿದ. ಹೊರುವವರು ಒಳಗೆ ಬಂದು ನಿಂತರು. "ಅಮ್ಮಾ, ಹೊತ್ತಾಯ್ತು. ಎತ್ತೋಣವಾ?"

ಅವಳು ತಲೆ ಎತ್ತಲಿಲ್ಲ. ಕುಂಚ ತೊಳೆಯದೆ ಬಟ್ಟಲಿನ ಅಂಚಿಗೆ ಒರಗಿಸಿ, ಅವನ ಪಕ್ಕ ಗೋಡೆಗೆ ಬೆನ್ನು ಕೊಟ್ಟು ಕೂತಳು.

"ಅರ್ಧ ಗಂಟೆ ಇರಿ" ಎಂದಳು. "ಬಣ್ಣ ಹಿಡೀಬೇಕು."